ಸರದಾರ ತಿರುಗಿ ಬಂದ

ಮರಿಸ್ವಾಮಿ ಹೇಳಿದ ಆ ಒಂದು ಮಾತನ್ನು ಬೂದೆಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರೆ ಆ ವರ್ಷದ ಉಗಾದಿಗೆ ಅವನ ಮನೆಯಲ್ಲೂ ಹೋಳಿಗೆ ಬೇಯುತ್ತಿತ್ತು. ಬಿಡಲಿಲ್ಲ, ಪುಣ್ಯಾತ್ಮ. ಗಂಟು ಕಟ್ಟಿಕೊಂಡ.

ಎಪ್ಪತ್ತೊಂಬತ್ತರ ಮಾತಿದು. ಉಗಾದಿಗೆ ಇನ್ನೇನು ಎರಡು ದಿನ. ಅರಕೇರಾದಲ್ಲಿ ಹೊತ್ತು ಮೂಡುವ ಮೊದಲೇ ಬೂದೆಪ್ಪ ತನ್ನ ಮನೆಯ ಹಿಂದಿನ ಬಯಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಸರದಾರಾ! ಬಾ... ಬಾ ಬಾ ಬಾ!"

ಸರದಾರ ಅಂದರೆ ನಾಯಿ. ಉದ್ದ ಕಾಲಿನ, ಹೊಟ್ಟೆ ಒಳಹೊಕ್ಕ, ಇನ್ನೂ ವರ್ಷ ತುಂಬದ ಬ್ಯಾಟಿನಾಯಿ, ಬೇಟೆಯ ತಳಿ. ಅದು ಬಯಲಿನ ಆ ತುದಿಯಲ್ಲಿ ನಿಂತು, ಕಿವಿ ನಿಮಿರಿಸಿ, ಯಜಮಾನನ ಮಾತನ್ನೆಲ್ಲ ಮರ್ಯಾದೆಯಿಂದ ಕೇಳಿಸಿಕೊಂಡಿತು. ಆಮೇಲೆ ಒಂದು ಕಾಗೆಯ ಬೆನ್ನು ಹತ್ತಿ ಗುಡ್ಡದ ಕಡೆ ಹೊರಟುಹೋಯಿತು.

ನಾಯಿ ಕೊಟ್ಟವನು ಗಬ್ಬೂರಿನ ಹನುಮಂತ್ರಾಯ, ಬೂದೆಪ್ಪನಿಗೆ ಹೆಣ್ಣು ಕೊಟ್ಟ ಮಾವ. ಬ್ಯಾಟಿನಾಯಿ ಸಾಕುವುದರಲ್ಲಿ ಆ ಸೀಮೆಯಲ್ಲೇ ಹೆಸರಾದವನು. ದಸರೆಯಲ್ಲಿ ಮರಿಯನ್ನು ಅಳಿಯನ ಕೈಗಿಡುವಾಗ ಒಂದು ಮಾತು ಹೇಳಿದ್ದ: "ಕರದ್ರ ತಿರುಗಿ ಬರದ ನಾಯಿ ಬ್ಯಾಟ್ಯಾಗ ಕಳದು ಹೋಗ್ತದ, ಇಲ್ಲಂದ್ರ ಸಾಯ್ತದ. ಉಗಾದಿ ಮುಂದ ಬಂದು ನೋಡ್ತೀನಿ. ಕರದ್ರ ಬಂತು, ನಿಮ್ದು. ಬರ್ಲಿಲ್ಲ, ನಾ ವಾಪಸ್ ಒಯ್ತೀನಿ." ಆ ಮಾವ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ.

ಬೂದೆಪ್ಪನ ಮಾತನ್ನು ಹುಟ್ಟಿದಾಗಿನಿಂದ ಯಾರೂ ಕೇಳಿದವರಲ್ಲ. ಕುರಿಗಳು ಅವನ ಅಣ್ಣನ ಹಿಂದೆ ಹೋಗುತ್ತಿದ್ದವು, ಎತ್ತುಗಳು ತಮಗೆ ತಿಳಿದ ಕಡೆ ಹೋಗುತ್ತಿದ್ದವು. ಜೀವಮಾನದಲ್ಲಿ ಒಂದೇ ಒಂದು ಜೀವ ತಾನು ಕರೆದರೆ ಬರಲಿ ಎಂದು ಅವನಿಗೆ ಆಸೆ ಇತ್ತು. ಅದೂ ಅಲ್ಲದೆ ಚಳಿಗಾಲವಿಡೀ ಆ ಮರಿ ಅವನ ಕಂಬಳಿಯೊಳಗೆ ಮಲಗಿ ಬೆಳೆದಿತ್ತು. ಅದನ್ನು ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಾರೆ ಎಂದು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಪಕ್ಕದ ಮನೆಯ ಮರಿಸ್ವಾಮಿ ಬೇವಿನಕಡ್ಡಿ ಜಗಿಯುತ್ತ ಗೋಡೆಯ ಮೇಲಿನಿಂದ ಇಣುಕಿದ. ಊರಿನಲ್ಲಿ ಯಾರಿಗೆ ಏನೇ ಕಷ್ಟ ಬರಲಿ, ಕೇಳದಿದ್ದರೂ ದಾರಿ ತೋರಿಸುವುದು ಅವನ ಪದ್ಧತಿ.

"ಬೂದೆಪ್ಪಾ, ಹಿಂಗ ಒದರಿದ್ರ ಇಡೀ ಅರಕೇರಾ ಎದ್ದು ಬರ್ತದ, ನಾಯಿ ಬರಂಗಿಲ್ಲ."

"ಮತ್ತ ಏನ್ ಮಾಡ್ಲಿರಿ ಸ್ವಾಮೇರ? ಬೆಲ್ಲ ಹಾಕಿದೆ, ಹಾಲು ಹಾಕಿದೆ, ಸೀಟಿ ಹೊಡದೆ."

ಮರಿಸ್ವಾಮಿ ಉಗುಳಿ, ದನಿ ಇಳಿಸಿದ. "ನಾಯಿ ಮನ್ಯಾಗ ಯಾರ್ದು ನಡೀತದ ಅಂತ ನೋಡ್ತದಪ. ದಿನಾ ಸಂಜಿಗೆ ನಿನ್ನ ಹೆಂಡ್ತಿ ಬೈಯೋದು ನಮ್ಮ ಅಡಿಗಿಮನಿ ತನಕ ಕೇಳ್ತದ. ಆ ನಾಯಿ ಕಿವಿಗೆ ಬೀಳಂಗಿಲ್ಲೇನು? ಹೆಂಡ್ತಿ ಕಡಿಂದ ಬೈಸಿಕೊಳ್ಳಾಂವಗ ನಾಯಿ ಯಾಕ ಕಿಮ್ಮತ್ತು ಕೊಡ್ತದ?"

ಕರೆಮ್ಮ ಬೈಯುತ್ತಿದ್ದುದು ಸುಳ್ಳಲ್ಲ. ಸಂತೆಯಿಂದ ಉಪ್ಪು ತರಲು ಮರೆತದ್ದಕ್ಕೆ, ಕೊಟ್ಟಿಗೆಯ ಬಾಗಿಲು ತೆರೆದಿಟ್ಟದ್ದಕ್ಕೆ, ಹಗ್ಗ ಬಾವಿಯಲ್ಲಿ ಬಿಟ್ಟು ಬಂದದ್ದಕ್ಕೆ, ದಿನಕ್ಕೊಂದು ಕಾರಣ ಬೂದೆಪ್ಪನೇ ತಪ್ಪದೆ ಒದಗಿಸುತ್ತಿದ್ದ. ಸಂಜೆ ಒಲೆ ಮುಂದೆ ಕೂತು ಅವಳು ರೊಟ್ಟಿ ಬಡಿಯುತ್ತ ಬೈಯುತ್ತಿದ್ದಳು. ಅವನು ತಲೆ ತಗ್ಗಿಸಿ, "ತಪ್ಪಾತ್ ಬಿಡಬೇ" ಎಂದು ಮೆಲ್ಲಗೆ ಅನ್ನುತ್ತಿದ್ದ. ಅಷ್ಟಕ್ಕೆ ಬೈಗುಳ ನಿಲ್ಲುತ್ತಿತ್ತು. ಅವಳು ಬಿಸಿರೊಟ್ಟಿಗೆ ಒಂದಿಷ್ಟು ಬೆಣ್ಣೆ ಜಾಸ್ತಿ ಸವರಿ ಹಾಕುತ್ತಿದ್ದಳು, ಅವನು ಅದರಲ್ಲೊಂದು ತುಣುಕು ಮುರಿದು ಮೊಳಕಾಲ ಕೆಳಗೆ ಸರದಾರನಿಗೆ ಕೊಡುತ್ತಿದ್ದ. ಇದರಲ್ಲಿ ಯಾರಿಗೂ ತೊಂದರೆ ಇರಲಿಲ್ಲ.

ಆದರೆ ಆ ಬೆಳಿಗ್ಗೆ ಮರಿಸ್ವಾಮಿಯ ಮಾತು ಅವನಿಗೆ ವೇದವಾಯಿತು. "ನೀವೇ ಒಂದೀಟು ಹೇಳ್ರಿ ಅಕಿಗೆ" ಎಂದುಬಿಟ್ಟ.

ಹೇಳ್ರಿ ಎಂದದ್ದು ಗುಟ್ಟಿನಲ್ಲಿ ಹೇಳಲಿ ಎಂದು. ಮರಿಸ್ವಾಮಿ ಸಣ್ಣ ಕೆಲಸಕ್ಕೆ ಕೈ ಹಾಕುವವನಲ್ಲ. ಕುತುಬುದ್ದೀನನ ಚಹಾದ ಹೋಟೆಲಿನ ಎದುರಿನ ಕಟ್ಟೆಗೆ ನಾಲ್ಕು ಹಿರಿಯರನ್ನು ಸೇರಿಸಿ, ಕರೆಮ್ಮನಿಗೆ ಹೇಳಿ ಕಳಿಸಿದ. ಜೋಳ ಕೇರುತ್ತಿದ್ದ ಅವಳು ಮೊರ ಹಿಡಿದುಕೊಂಡೇ ಬಂದಳು.

"ಯವ್ವಾ ಕರೆಮ್ಮ, ಗಂಡ ಅಂದ ಮ್ಯಾಲೆ ಮನ್ಯಾಗ ಒಂದು ಮರ್ಯಾದಿ ಇರಬೇಕು. ನೀ ದಿನಾ ಬೈತಿ ಅಂತ ನಿನ್ನ ಗಂಡನ ತಕರಾರು ಅದ" ಎಂದು ಮರಿಸ್ವಾಮಿ ಶುರುಮಾಡಿದ.

ಕರೆಮ್ಮ ಗಂಡನ ಮುಖ ನೋಡಿದಳು. ಬೂದೆಪ್ಪ ತನ್ನ ಕಾಲಿನ ಹೆಬ್ಬೆರಳು ನೋಡಿದ.

"ನನ್ನ ಮುಂದ ಹೇಳಿದ್ರ ನಾ ಬಾಯಿ ಮುಚ್ಚತಿದ್ದಿಲ್ಲೇನು? ನಾಕು ಮಂದ್ಯಾಗ ತಂದು ನಿಲ್ಲಿಸಬೇಕಿತ್ತೇನು?" ಅವಳು ಮೊರವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಆತು. ಇನ್ನ ಮ್ಯಾಲೆ ಇವ್ರಿಗಾಗ್ಲಿ, ಇವ್ರ ಬಗ್ಗಾಗ್ಲಿ, ಒಂದ ಒಂದು ಮಾತು ಆಡಿದ್ರ ಮನಿದೇವ್ರು ಬೀರಪ್ಪನ ಆಣಿ!"

ಮೊರ ಎತ್ತಿಕೊಂಡು ಹೋದಳು. ಬೂದೆಪ್ಪ ಅವಳ ಹಿಂದೆ ಒಂದು ಹೆಜ್ಜೆ ಇಟ್ಟ. ಆದರೆ ಮರಿಸ್ವಾಮಿ ಬೆನ್ನು ತಟ್ಟಿ, "ಈಗ ಕರಿ ನಾಯಿನ, ನೋಡು ಮಜಾ" ಎಂದ. ಬೂದೆಪ್ಪ ಮೀಸೆ ಮುಟ್ಟಿಕೊಂಡು ಕರೆದ. ಸರದಾರ ಗುಡ್ಡದ ಮೇಲಿನಿಂದ ಒಮ್ಮೆ ನೋಡಿ, ಕಾಲೆತ್ತಿ ಒಂದು ಕಳ್ಳಿಗಿಡಕ್ಕೆ ನೀರು ಬಿಟ್ಟು, ಇನ್ನೂ ಮೇಲಕ್ಕೆ ಹೋಯಿತು. ಮರಿಸ್ವಾಮಿ ಆಗ ಬೇರೆಲ್ಲೋ ನೋಡುತ್ತಿದ್ದ.

ಗ್ಲಾಸು ತೊಳೆಯುತ್ತಿದ್ದ ಕುತುಬುದ್ದೀನ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. "ಬೂದೆಪ್ಪ ಭಾಯಿ, ಎಂಥಾ ಕೆಲ್ಸ ಮಾಡಿದ್ರಿ! ಆ ನಾಯಿ ದಿನಾ ಸಂಜಿಗೆ ನನ್ನ ಹೋಟೆಲ್ ಮುಂದ ಬಿದ್ದಿರ್ತದ. ನಿಮ್ಮ ಮನ್ಯಾಗ ಬೈಗುಳ ಚಾಲೂ ಆತು ಅಂದ್ರ ಎದ್ದು ಒಂದ ಓಟ! ನಾ ಕಣ್ಣಾರೆ ನೋಡೀನಿ. ಅದಕ ಅದ ಊಟದ ಗಂಟಿ. ನೀವು ಗಂಟೀನ ಬಂದ್ ಮಾಡ್ಸಿದ್ರಿ ನೋಡ್ರಿ."

ಬೂದೆಪ್ಪನ ಕಾಲುಗಳು ಮನೆಯ ಕಡೆ ಓಡಿದವು. ಕರೆಮ್ಮ ಮೂಲೆಯಲ್ಲಿ ಕೂತು ಜೋಳ ಕೇರುತ್ತಿದ್ದಳು.

"ಕರೆಮ್ಮಾ, ಒಂದೀಟು ಬೈಯಬೇ. ಜೋರಾಗಿ. ಹಿತ್ತಲದಾಗ ನಿಂತು ಬೈ."

ಅವಳು ತಲೆ ಎತ್ತಲಿಲ್ಲ. ಬಾಯಿಂದ ಮಾತು ಬರದಿದ್ದರೆ ಬರುವಂತೆ ಮಾಡಬೇಕೆಂದು ಅವನು ತುಂಬಿದ ಕೊಡ ಉರುಳಿಸಿದ. ಅವಳು ಎದ್ದು ಒರೆಸಿದಳು. ಕರು ಬಿಚ್ಚಿಬಿಟ್ಟ. ಅದು ತಾಯಿಯ ಹಾಲೆಲ್ಲ ಕುಡಿಯಿತು. ಅವಳು ಕಟ್ಟಿ ಬಂದಳು. ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಯೊಳಗೆ ಹೋಗಿ ಒಲೆಯ ಮುಂದೆ ನಿಂತ. ಬೇರೆ ದಿನವಾಗಿದ್ದರೆ ಆ ತಪ್ಪಿಗೆ ವಾರವಿಡೀ ಬೈಗುಳ ಸಿಗುತ್ತಿತ್ತು. ಅವಳು ಸೆಗಣಿ ತಂದು ಆ ಜಾಗ ಸಾರಿಸಿದಳು. ಸಾರಿಸುವಾಗ ಅವಳ ಕಣ್ಣಿನಿಂದ ಎರಡು ಹನಿ ನೆಲಕ್ಕೆ ಬಿದ್ದದ್ದನ್ನು ಬೂದೆಪ್ಪ ನೋಡಿದ. ಇಷ್ಟು ವರ್ಷ ಬೈಸಿಕೊಂಡಾಗ ಒಮ್ಮೆಯೂ ಆಗದ ಸಂಕಟ ಅವನಿಗೆ ಆಗ ಆಯಿತು. ಏನು ಮಾಡಲೂ ತೋಚದೆ ಹೊರಗೆ ಬಂದ.

ಹೊರಗೆ, ಕುತುಬುದ್ದೀನನ ಗಂಟೆಯ ಮಾತು ಕೇಳಿ ಬಂದ ಬಂಡೆಮ್ಮ ಸೆರಗು ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದಳು. ನಲ್ಲಿಯ ಹತ್ತಿರ ಅವಳು ಬಾಯಿ ತೆರೆದರೆ ಮುಂದಿನ ಕೊಡದವರು ಕೊಡ ಬಿಟ್ಟು ಓಡುವಂಥ ಮುದುಕಿ. "ಅಕಿ ಬೈಯಲಿಲ್ಲಂದ್ರ ಏನಾತೋ ತಮ್ಮಾ? ನಾ ಸತ್ತೀನೇನು? ನಿಂದರು ಅಲ್ಲಿ."

ಬೂದೆಪ್ಪ ಬಯಲಿನಲ್ಲಿ ನಿಂತ. ಬಂಡೆಮ್ಮ ಶುರುವಿಟ್ಟಳು. ಅವನ ನಡಿಗೆ, ಅವನ ರುಮಾಲು, ಅವನ ಏಳು ತಲೆಮಾರು, ಯಾವುದನ್ನೂ ಬಿಡಲಿಲ್ಲ. ಕೇಳಿದವರಿಗೆ ನಾಲಿಗೆ ತುರಿಸಿತು. "ನಮ್ಮ ಕೊಡ್ಲಿ ಒಯ್ದು ಮುರದು ತಂದಿದ್ದಲ್ಲಲೇ!" ಎಂದು ಒಬ್ಬ ಸೇರಿಕೊಂಡ. "ನಿನ್ನ ಎತ್ತು ನನ್ನ ಬೆಳಿ ಮೇದಿತ್ತಲ್ಲ, ಮುಖೇಡಿ!" ಎಂದು ಮತ್ತೊಬ್ಬ. ಹಳೆಯ ಸಿಟ್ಟೆಲ್ಲ ಪುಕ್ಕಟೆಯಾಗಿ ತೀರುತ್ತಿದ್ದುದರಿಂದ ಗುಂಪು ಬೆಳೆಯಿತು. ಬೂದೆಪ್ಪ ಮಧ್ಯದಲ್ಲಿ ಕೈಕಟ್ಟಿ ನಿಂತು ಗುಡ್ಡ ನೋಡುತ್ತಿದ್ದ. ಸರದಾರ ಬಂಡೆಯೊಂದರ ಮೇಲೆ ಕೂತು, ನಾಲಿಗೆ ಚಾಚಿ, ಬಯಲಾಟ ನೋಡುವವರ ಹಾಗೆ ನೋಡುತ್ತಿತ್ತು. ಆಮೇಲೆ ಆಟ ಇನ್ನೂ ಹತ್ತಿರದಿಂದ ನೋಡೋಣವೆಂದು ಇಳಿದು ಬಂದು ಬೇಲಿಯಾಚೆ ಮಲಗಿತು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಬರಲಿಲ್ಲ.

"ಹೆಂಡ್ತಿ ಕಣ್ಣಾಗ ನೀರು ಹಾಕಿಸಿದಾಂವ! ಹಂತಾ ಬಂಗಾರದಂಥಾ ಹೆಣಮಗಳ್ನ ಬೀದಿಗೆ ತಂದಾಂವ! ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಬಂಡೆಮ್ಮ ಉಚ್ಚಸ್ಥಾಯಿಗೆ ಏರಿದ್ದಳು. ಆಗಲೇ ಬಸ್ಸು ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕೆಂಪು ರುಮಾಲಿನ ಹನುಮಂತ್ರಾಯ ಗುಂಪಿನ ಹಿಂದೆ ನಿಂತು ಎಲ್ಲವನ್ನೂ ಕೇಳಿದ. ಅವನನ್ನು ಕಂಡದ್ದೇ ಗುಂಪು ಗಪ್‌ಚಿಪ್ ಆಯಿತು.

"ನಾಯಿ ಎಲ್ಲದ ಅಳಿಯಂದ್ರ?" ಎಂದಷ್ಟೇ ಕೇಳಿದ.

ಬೂದೆಪ್ಪ ಬೇಲಿ ತೋರಿಸಿದ.

"ಕರೀರಿ."

ಬೂದೆಪ್ಪ ಕರೆದ. ಸೀಟಿ ಹೊಡೆದ. ತೊಡೆ ತಟ್ಟಿದ. ಬೇಲಿಯಾಚೆ ಬಾಲ ಎರಡು ಸಲ ಅಲ್ಲಾಡಿತು, ಅಷ್ಟೆ. ಹನುಮಂತ್ರಾಯ ಚೀಲದೊಳಗೆ ಕೈ ಹಾಕಿ ಹಗ್ಗ ತೆಗೆದ.

ಅಪ್ಪ ಬಂದನೆಂದು ಕರೆಮ್ಮ ತಂಬಿಗೆಯಲ್ಲಿ ನೀರು ಹಿಡಿದು ಬಂದಿದ್ದಳು. ಬೂದೆಪ್ಪ ಹಗ್ಗ ನೋಡಿದ, ನಾಯಿ ನೋಡಿದ, ಅತ್ತು ಊದಿದ ಹೆಂಡತಿಯ ಕಣ್ಣು ನೋಡಿದ. ಎಲ್ಲಾ ಕೈಬಿಟ್ಟು ಹೋಯಿತಲ್ಲ ಎನ್ನಿಸಿತು. ನಾಯಿ ಹೋದರೆ ಹೋಗಲಿ, ಇವಳನ್ನು ಮಂದಿಯೊಳಗೆ ನಿಲ್ಲಿಸಬಾರದಿತ್ತು. ಅವಳ ಮುಂದೆ ಹೋಗಿ ತಲೆ ತಗ್ಗಿಸಿ, ಒಲೆಯ ಮುಂದೆ ಅನ್ನುವ ಹಾಗೆಯೇ ಮೆಲ್ಲಗೆ ಅಂದ.

"ತಪ್ಪಾತ್ ಬಿಡಬೇ."

ಅವನ ಮೊಳಕಾಲಿಗೆ ಒದ್ದೆ ಮೂಗು ತಾಗಿತು. ಬೇಲಿ ಹಾರಿ ಬಂದ ಸರದಾರ ಬಾಲ ಬಡಿಯುತ್ತ ಅವನ ಕೈ ನೋಡುತ್ತಿತ್ತು.

ಇಡೀ ಬಯಲು ಬಾಯಿ ತೆರೆದು ನಿಂತಿತು. ಹನುಮಂತ್ರಾಯ ಹುಬ್ಬು ಗಂಟಿಕ್ಕಿ, ಕಲ್ಲೊಂದನ್ನು ದೂರಕ್ಕೆ ಬೀಸಿ ಒಗೆದ. ನಾಯಿ ಅದರ ಹಿಂದೆ ಗುಡ್ಡದ ಬುಡದ ತನಕ ಓಡಿತು. "ಇನ್ನೊಮ್ಮೆ ಅನ್ರಿ. ಜೋರಾಗಿ."

"ತಪ್ಪಾತ್ ಬಿಡಬೇ!"

ಸರದಾರ ಬಾಣ ಬಿಟ್ಟಂತೆ ಬಂದು ಕಾಲ ಬಳಿ ಕೂತಿತು. ಜನ ಕೇಕೆ ಹಾಕಿದರು. ಕುತುಬುದ್ದೀನ್, "ಬೈಗುಳ ಅಲ್ರೀ, ಇದು ಗಂಟಿ!" ಎಂದು ಕುಣಿದ. ಬೂದೆಪ್ಪನ ಕಣ್ಣಲ್ಲಿ ನೀರು ಬಂತು. ಕರೆದರೆ ಬಂತು! ಜೀವಮಾನದಲ್ಲಿ ಮೊದಲ ಸಲ ಒಂದು ಜೀವ ಅವನು ಕರೆದಾಗ ಬಂದಿತ್ತು.

ಹನುಮಂತ್ರಾಯ ಮಾತ್ರ ನಗಲಿಲ್ಲ. ನಾಯಿಯ ಬೆನ್ನು ಸವರುತ್ತ ಕೇಳಿದ, "ಇದು ಒಂದಿನಕ್ಕ ಕಲಿಯೋ ಮಾತಲ್ಲ ಅಳಿಯಂದ್ರ. ದಿನಾ ಕೇಳಿ ಕೇಳಿ ಕಲ್ತದ. ದಿನಾ ತಪ್ಪಾತು ಅನ್ನೋವಂಥಾದ್ದು ನನ್ನ ಮಗಳಿಗೆ ಏನ್ ಮಾಡ್ತಿದ್ರಿ?"

"ಉಪ್ಪು ತರೋದು ಮರೀತಿದ್ದೆ ಮಾವ..."

"ಉಪ್ಪಿಗೆ ಇಡೀ ಊರು ನಿಂತು ಬೈತದೇನು? ಬಸ್ಸಿಂದ ಇಳಿದಾಗಿಂದ ಕೇಳಾಕತ್ತೀನಿ." ಅವನು ಮಗಳ ಕಡೆ ತಿರುಗಿದ. "ನೀ ಹೇಳಬೇ. ಕುಡೀತಾನೇನು? ಬಡೀತಾನೇನು? ಏನದ ಹೇಳು."

ಕರೆಮ್ಮ ಬಾಯಿ ತೆರೆದಳು. ಬೀರಪ್ಪನ ಆಣೆ ನೆನಪಾಗಿ ಮುಚ್ಚಿದಳು. ಕಣ್ಣೀರು ಮಾತ್ರ ದಳದಳ ಇಳಿಯಿತು.

"ಮಾವ, ಅಕಿ ಆಣಿ ಹಾಕ್ಯಾಳ! ನನ್ನ ಬಗ್ಗೆ ಮಾತಾಡಂಗಿಲ್ಲ!" ಬೂದೆಪ್ಪ ಗಾಬರಿಯಾಗಿ ಅಂದ.

"ಆಣಿ? ಅಕಿ ಬಾಯಿ ಮುಚ್ಚಿಸಿದವರು ಯಾರು?"

ಬೂದೆಪ್ಪ ಮರಿಸ್ವಾಮಿಗಾಗಿ ಸುತ್ತಲೂ ನೋಡಿದ. ಮರಿಸ್ವಾಮಿಯ ಮನೆಯ ಕದ ಒಳಗಿನಿಂದ ಚಿಲಕ ಹಾಕಿತ್ತು. "ನಾನ ಮಾವ... ಕಟ್ಟಿ ಮ್ಯಾಲೆ ಕರಿಸಿ... ನಾಯಿ ಸಲುವಾಗಿ..."

ಹೇಳಿದಷ್ಟೂ ಕೆಟ್ಟಿತು. ಹನುಮಂತ್ರಾಯ ಹಗ್ಗವನ್ನು ಸುತ್ತಿ ಚೀಲದೊಳಗೆ ಹಾಕಿದ.

"ನಾ ಮಾತಿಗೆ ತಪ್ಪಾಂವಲ್ಲ. ನಾಯಿ ಕರದ್ರ ಬಂತು, ನಾಯಿ ನಿಮ್ದ. ಮಗಳ್ನ ಒಯ್ತೀನಿ."

"ಯಾವಾಗ ಕಳಸ್ತೀರಿ ಮಾವ?"

"ಕಳಸಪ್ಪಾ ಅಂತ ಅಕಿ ತನ್ನ ಬಾಯಿ ಬಿಟ್ಟು ಹೇಳಿದ ದಿನ."

ಬೂದೆಪ್ಪ ಹೆಂಡತಿಯ ಬಾಯಿ ನೋಡಿದ. ಅದು ಮುಚ್ಚಿಯೇ ಇತ್ತು. ಅದನ್ನು ಮುಚ್ಚಿಸಲು ಬೆಳಿಗ್ಗೆ ಮರಿಸ್ವಾಮಿಗೆ ಹೇಳಿದವನು ಅವನೇ.

ಅದೇ ಬಸ್ಸು ತಿರುಗಿಕೊಂಡು ಗಬ್ಬೂರಿನ ದಾರಿಯ ದೇವದುರ್ಗಕ್ಕೆ ಹೊರಟಿತು. ಕರೆಮ್ಮ ಕಿಟಕಿಯ ಪಕ್ಕ ಕೂತಳು. ಮನೆಯ ಬಾಗಿಲು ಹಾರುಹೊಡೆದು ಬಿಟ್ಟು ಬಂದ ಗಂಡನನ್ನೂ, ಹಗ್ಗ ಬಿಚ್ಚಿಕೊಂಡು ಒಳಗೆ ನುಗ್ಗುತ್ತಿದ್ದ ಕರುವನ್ನೂ ನೋಡಿದಳು. ಅವಳ ತುಟಿ ಅಲ್ಲಾಡಿತು. ಬೈಯುತ್ತಾಳೆಂದು ಬೂದೆಪ್ಪ ಎರಡು ಹೆಜ್ಜೆ ಮುಂದೆ ಬಂದು, ಆಸೆಯಿಂದ ಕಿವಿಗೊಟ್ಟ. ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಆ ಕಡೆ ತಿರುಗಿದಳು. ಕಂಡಕ್ಟರ್ ಸೀಟಿ ಊದಿದ.

"ತಪ್ಪಾತ್ ಬಿಡಬೇ!" ಬೂದೆಪ್ಪ ಧೂಳಿನಲ್ಲಿ ಬಸ್ಸಿನ ಹಿಂದೆ ಓಡಿದ. "ತಪ್ಪಾತ್ ಬಿಡಬೇ ಕರೆಮ್ಮಾ! ನಂದ ತಪ್ಪು!"

ಬಸ್ಸು ನಿಲ್ಲಲಿಲ್ಲ. ಹೋಟೆಲಿನ ಹಿಂದೆ ಅಳಿಲಿನ ಬೆನ್ನು ಹತ್ತಿದ್ದ ಸರದಾರ ಮಾತ್ರ ಅದನ್ನು ಅಲ್ಲಿಗೇ ಬಿಟ್ಟು, ಒಂದೇ ಉಸಿರಿಗೆ ಓಡಿ ಬಂದು, ಅವನ ಕಾಲಿಗೆ ತೊಡರಿ ಅವನನ್ನು ನೆಲಕ್ಕೆ ಕೆಡವಿ, ಎದುರಿಗೆ ಕೂತು ಕೈ ನೋಡಿತು. ಕೈಯಲ್ಲಿ ರೊಟ್ಟಿ ಇರಲಿಲ್ಲ. ಬೂದೆಪ್ಪ ಬಿದ್ದಲ್ಲಿಂದಲೇ ಇನ್ನೊಮ್ಮೆ ಕೂಗಿದ. ನಾಯಿ ಎದ್ದು ಬಂದು ಇನ್ನಷ್ಟು ಹತ್ತಿರ ಕೂತಿತು.