ಚಾಪೆ ರಾಜ್ಯದ ಮೂರನೆಯ ಸುತ್ತು

ಬಹಳ ಹಿಂದೆ, ಆದರೆ ಓದುಗರು ಅಂದುಕೊಳ್ಳುವಷ್ಟು ಹಿಂದೇನೂ ಅಲ್ಲ, ಸಾವಧಾನಪುರವೆಂಬ ರಾಜ್ಯವಿತ್ತು. ಅಲ್ಲಿನ ಪ್ರಜೆಗಳು ಚಾಪೆ ಹೆಣೆಯುವುದರಲ್ಲಿ ನಿಸ್ಸೀಮರು. ಮಾರುವುದು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಹೀಗಾಗಿ ಚಾಪೆಗಳೆಲ್ಲ ಸರ್ಕಾರಿ ಗೋದಾಮಿನಲ್ಲಿ ಮಲಗಿದ್ದವು. ಆ ರಾಜ್ಯದಲ್ಲಿ ಇನ್ನೊಂದು ಪದ್ಧತಿಯಿತ್ತು. ದೊಡ್ಡವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗುತ್ತಿರಲಿಲ್ಲ; ತಡವಾದಷ್ಟೂ ಘನತೆ. ಮಹಾರಾಜ ವಿಳಂಬಸೇನರು ತಮ್ಮ ಪಟ್ಟಾಭಿಷೇಕಕ್ಕೇ ಮಾರನೆಯ ದಿನ ದಯಮಾಡಿಸಿದವರು.

ಅವರ ಮಗಳು ಇಂದುಲೇಖೆಗೆ ಗೋದಾಮು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಅವಳು ಆಸ್ಥಾನಕ್ಕೇ ಬಂದಳು.

"ಅಪ್ಪಾಜಿ, ಶಂಖದ್ವೀಪದ ಬಿಸಿನೆಸ್ ಸ್ಕೂಲಿನಲ್ಲಿ ಮಾರೋದನ್ನ ಕಲಿಸ್ತಾರೆ. ಅರ್ಜಿಗೆ ಮೂರು ಸುತ್ತು. ಮೊದಲ ಸುತ್ತಿಗೇ ಹಾಕಿದರೆ ಸೀಟು ಸಿಗತ್ತೆ. ನಾನು ಎಲ್ಲ ತಯಾರು ಮಾಡಿದೀನಿ, ನಿಮ್ಮದೊಂದು ಮುದ್ರೆ ಬಿದ್ದರೆ ಸಾಕು."

ಮಹಾಮಂತ್ರಿ ತಥಾಸ್ತುಪಾದರು ಕಿವಿ ಮುಚ್ಚಿಕೊಂಡರು. "ಶಾಂತಂ ಪಾಪಂ. ಪ್ರಭು, ಮೊದಲ ಸುತ್ತಿಗೆ ಓಡುವವರು ಕೆಲಸವಿಲ್ಲದವರು. ಮುಖ್ಯ ಅತಿಥಿಗಳು ಎಲ್ಲಿಯಾದರೂ ಮೊದಲೇ ಹೋಗಿ ಕುರ್ಚಿ ಹಾಕುವುದುಂಟೇ? ಅದೂ ಅಲ್ಲದೆ, ಆ ಶಾಲೆ ರಾಜಕುಮಾರಿಗೆ ತಕ್ಕದ್ದೋ ಅಲ್ಲವೋ, ಪರಿಶೀಲನೆ ಆಗಬೇಕು."

"ಮಂತ್ರಿಗಳು ಹೇಳಿದ ಮೇಲೆ ಮುಗಿಯಿತು," ಎಂದರು ಮಹಾರಾಜರು.

ಉನ್ನತಾಧಿಕಾರ ಸಮಿತಿಯೊಂದು ಹೊರಟಿತು. ಪಾಠ ಹೇಗಿದೆ ಎಂದು ಅದು ಯಾರನ್ನೂ ಕೇಳಲಿಲ್ಲ. ಯಾವ ಶಾಲೆಯ ಹೆಬ್ಬಾಗಿಲಲ್ಲಿ ಅಂಬಾರಿ ಹೊತ್ತ ಆನೆ ತೂರುತ್ತದೆ ಎಂದು ಅಳೆಯಿತು. ಹನ್ನೆರಡು ಶಾಲೆ ಅಳೆಯುವಷ್ಟರಲ್ಲಿ ಮೊದಲ ಸುತ್ತು ಮುಗಿಯಿತು. ಶಂಖದ್ವೀಪದ ಬಾಗಿಲೇ ಸರಿ ಎಂದು ವರದಿ ಬರುವಷ್ಟರಲ್ಲಿ ಎರಡನೆಯದೂ ಮುಗಿಯಿತು. ಮೂರನೆಯ ಸುತ್ತಿನ ಕಡೆಯ ದಿನ, ವಾದ್ಯಸಮೇತ, ಘನತೆಗೆ ತಕ್ಕಷ್ಟು ತಡವಾಗಿ ಮೆರವಣಿಗೆ ಅಲ್ಲಿಗೆ ಮುಟ್ಟಿತು.

ಶಾಲೆಯ ಮುಖ್ಯಸ್ಥೆ ಬೀಗ ಹಾಕುತ್ತಿದ್ದರು. ಅರ್ಜಿಯನ್ನು ನಿಂತಲ್ಲೇ ಓದಿದರು. "ಮೊದಲ ಸುತ್ತಿಗೆ ಬಂದಿದ್ದರೆ ನಿನ್ನನ್ನ ಬಿಡ್ತಾನೇ ಇರಲಿಲ್ಲ ಮಗು. ಈಗ ಒಂದು ಸೀಟೂ ಇಲ್ಲ."

ಇಂದುಲೇಖೆ ದಾರಿಯುದ್ದಕ್ಕೂ ಅತ್ತಳು. ಮಗಳ ಕಣ್ಣೀರು ನೋಡಲಾರದೆ ಮಹಾರಾಜರು ಗೋದಾಮಿನಲ್ಲೇ ಒಂದು ಬಿಸಿನೆಸ್ ಸ್ಕೂಲು ತೆರೆದರು. ತಥಾಸ್ತುಪಾದರೇ ಕುಲಪತಿ, ಅವರೇ ಮೇಷ್ಟ್ರು, ಇಂದುಲೇಖೆಯೊಬ್ಬಳೇ ವಿದ್ಯಾರ್ಥಿನಿ. ಕುಲಪತಿಗಳು ಘನತೆ ಕಾಪಾಡಿಕೊಂಡು, ದಿನವೂ ತರಗತಿ ಮುಗಿದ ಮೇಲೆ ಬರುತ್ತಿದ್ದರು. ವರ್ಷ ತುಂಬಿದಾಗ ಅವಳಿಗೆ ಚಿನ್ನದ ಪದಕ ಘೋಷಣೆಯಾಯಿತು.

ಘಟಿಕೋತ್ಸವಕ್ಕೆ ಕುರ್ಚಿಯಿಲ್ಲ. ಪ್ರಜೆಗಳು ಮನೆಗೊಂದು ಚಾಪೆಯನ್ನು ಗೋದಾಮಿನಿಂದಲೇ ಕೊಂಡು ತರತಕ್ಕದ್ದು ಎಂದು ತಥಾಸ್ತುಪಾದರು ಡಂಗುರ ಸಾರಿಸಿದರು. ಬೆಳಗಾಗುವಷ್ಟರಲ್ಲಿ ಗೋದಾಮು ಖಾಲಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಚಾಪೆ ಹೆಣೆಯುವ ಬೋರಜ್ಜಿ ರಾಜಕುಮಾರಿಯನ್ನು ಕರೆದಳು. "ಅವ್ವಾ, ಇದು ನಾನೇ ಹೆಣೆದ ಚಾಪೆ. ನಾನೇ ದುಡ್ಡು ಕೊಟ್ಟು ತಗೊಂಡೆ. ಬಿಸಿನೆಸ್ಸು ಅಂದ್ರೆ ಇದೇನಾ?"

"ಗೊತ್ತಿಲ್ಲ ಅಜ್ಜಿ. ನಮ್ಮ ಮೇಷ್ಟ್ರು ಇನ್ನೂ ಬಂದಿಲ್ಲ," ಎಂದಳು ಇಂದುಲೇಖೆ. "ಸ್ವಲ್ಪ ಆ ಕಡೆ ಸರಿ, ನಾನೂ ಕೂರ್ತೀನಿ."

ಮಹಾರಾಜರು ಮಾರನೆಯ ದಿನ ಬಂದರು. ಖಾಲಿ ಗೋದಾಮು ಕಂಡು ಅವರ ಕಣ್ಣು ತುಂಬಿಬಂತು. ಮಗಳಿಗೆ ಹಾಕಬೇಕಿದ್ದ ಪದಕವನ್ನು ತೆಗೆದು ತಥಾಸ್ತುಪಾದರ ಕೊರಳಿಗೆ ಹಾಕಿದರು. ಇನ್ನು ಮುಂದೆ ಘಟಿಕೋತ್ಸವ ತಿಂಗಳಿಗೊಮ್ಮೆ ನಡೆಯಲಿ, ಪ್ರತಿ ಸಲವೂ ಹೊಸ ಚಾಪೆ ಕಡ್ಡಾಯ ಎಂದು ಅಪ್ಪಣೆ ಕೊಡಿಸಿದರು. ಬೋರಜ್ಜಿ ಚಾಪೆ ಸುತ್ತಿಕೊಂಡು, ಮುಂದಿನ ತಿಂಗಳು ತಾನು ಕೊಳ್ಳಬೇಕಾದ ಚಾಪೆ ಹೆಣೆಯಲು ಮನೆಗೆ ಹೊರಟಳು.