ಆರು ಪದರದ ಕೌದಿ

ಚಳಿಯೇ ಇಲ್ಲದ ಊರಿನಲ್ಲಿ ಕೌದಿ ಹೊಲಿದು ಹೆಸರು ಗಳಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ನನ್ನಿಂದ ಆಗಿದೆ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಉರ್ವ ಮಾರ್ಕೆಟಿನ ಹತ್ತಿರ ನಿಂತು ‘ಹಿಲ್ಡಾ ಬಾಯಿಯ ಮನೆ ಎಲ್ಲಿ?’ ಎಂದು ಕೇಳಿ ನೋಡಿ. ‘ಯಾರು, ಕೌದಿ ಹೊಲಿಯುವ ಬಾಯಿಯಾ?’ ಎಂದು ಮರುಪ್ರಶ್ನೆ ಹಾಕದೆ ಯಾರೂ ದಾರಿ ತೋರಿಸುವುದಿಲ್ಲ.

ಮಂಗಳೂರಿಗೆ ಚಳಿಗಾಲವೇ ಇಲ್ಲ ಎನ್ನುವವರು ಬೆಳಿಗ್ಗೆ ಎಂಟು ಗಂಟೆಗೆ ಏಳುವ ಜನ. ಕ್ರಿಸ್ಮಸ್ ಹತ್ತಿರ ಬರುವಾಗ ಒಂದು ದಿನ ಐದು ಗಂಟೆಗೆ ಎದ್ದು ಬಾವಿಕಟ್ಟೆಯ ಕಲ್ಲಿನ ಮೇಲೆ ಬರಿಗಾಲಿಟ್ಟು ನೋಡಲಿ. ಏಳೂವರೆಗೆ ಆ ಚಳಿ ಹೊರಟುಹೋಗುತ್ತದೆ, ಒಪ್ಪಿದೆ. ನೆಂಟರು ಬೇಗ ಹೊರಟರೆಂದು ಬಂದೇ ಇಲ್ಲ ಎನ್ನುವುದು ಯಾವ ನ್ಯಾಯ? ನಮ್ಮ ಮನೆಯಲ್ಲಂತೂ ಆ ಎರಡೂವರೆ ಗಂಟೆಯ ಚಳಿಗೆ ಸಕಲ ಮರ್ಯಾದೆಯೂ ಸಲ್ಲುತ್ತದೆ. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ನಾನು ಹೇಳಿದ್ದೊಂದೂ ಕೇಳಿಸದವರ ಹಾಗೆ ಓಡಾಡುತ್ತಾರೆ. ಮಫ್ಲರ್ ಇರುವುದು ಚಳಿಗಲ್ಲ, ಇದಕ್ಕೇ ಎಂಬ ಸಂಶಯ ನನಗಿದೆ. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿ, ಕೆಂಡದ ಬದಿಯಲ್ಲಿ ನಾಲ್ಕು ಗೆಣಸು ಹೂತಿಟ್ಟರೆ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವು ಬೆಂದು ಮೆತ್ತಗಾಗಿರುತ್ತವೆ. ಶುಂಠಿ ಹಾಕಿದ ಬೆಲ್ಲದ ಕಾಫಿ, ಬಿಸಿ ಗೆಣಸು, ಜಗಲಿಯ ಮೇಲೆ ಒಂದು ತುಂಡು ಬಿಸಿಲು, ಮಡಿಲಲ್ಲಿ ಅರ್ಧ ಹೊಲಿದ ಕೌದಿ. ಇಷ್ಟಿದ್ದರೆ ಬಿಷಪರು ಹೇಳಿಕಳುಹಿಸಿದರೂ ನಾನು ಏಳುವವಳಲ್ಲ.

ನಿಜ ಹೇಳಬೇಕೆಂದರೆ ನಾನು ಹೊಲಿಯುವುದಕ್ಕೆ ಕೌದಿ ಎಂಬ ಹೆಸರುಂಟೆಂದು ನನಗೇ ತಡವಾಗಿ ಗೊತ್ತಾಯಿತು. ನಮ್ಮ ಕೊಂಕಣಿ ಮನೆಗಳಲ್ಲಿ ಅದು ವಾಕಳ್. ನಾವು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಧಾರವಾಡದ ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ನಮ್ಮ ಬೀದಿಗೆ ಬಂದರು. ಅವರ ಹೆಂಡತಿ ನಮ್ಮ ಹಗ್ಗದ ಮೇಲೆ ಒಣಗುತ್ತಿದ್ದುದನ್ನು ಕಂಡು, ‘ಅಯ್ಯ, ಇಲ್ಲೂ ಕೌದಿ ಹೊಲೀತಾರೇನ್ರಿ!’ ಎಂದು ಸೀದಾ ಒಳಗೇ ಬಂದರು. ಚಹಾ ಕುಡಿದರು. ತವರಿನವರನ್ನು ಕಂಡಷ್ಟು ಸಂತೋಷದಿಂದ ಕೌದಿಯ ಮೇಲೆ ಕೈಯಾಡಿಸಿದರು. ಎರಡು ಹೊಲಿಯಲು ಹೇಳಿ ಹೊರಡುವಾಗ ಮಾತ್ರ ‘ಆದ್ರ ಇಲ್ಲಿ ಥಂಡಿ ಎಲ್ಲೈತ್ರಿ?’ ಎಂದು ಕೇಳಿ ನನ್ನ ಹೊಟ್ಟೆ ಉರಿಸಿದರು. ಇರಲಿ, ಗಿರಾಕಿಯ ಮೇಲೆ ಕೋಪ ಮಾಡಬಾರದು. ಅಂದಿನಿಂದ ನಾನೂ ಜಂಬದಿಂದ ಕೌದಿ ಎಂದೇ ಹೇಳುತ್ತೇನೆ.

ಕೌದಿ ಹೊಲಿಯುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದೆ ನನಗಾದ ಅವಮಾನ ನಿಮಗೆ ಅರ್ಥವಾಗದು. ಹಳೆಯ ಸೀರೆ, ಗಂಡಸರು ಉಡುವ ಮುಂಡುಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಬೇಕು. ಹೊಸ ಬಟ್ಟೆ ಕೂಡದು. ನೂರು ಸಲ ಒಗೆದು ಮೆತ್ತಗಾದದ್ದೇ ಆಗಬೇಕು. ಅದೂ ಯಾರು ಹೊದೆಯುತ್ತಾರೋ ಅವರ ಮನೆಯದ್ದೇ ಆಗಬೇಕು. ಬೇರೆಯವರು ಉಟ್ಟ ಬಟ್ಟೆ ಹೊದ್ದು ಮಲಗಿದರೆ ಬೇರೆಯವರ ಕನಸು ಬೀಳುತ್ತದೆ ಎಂದು ನಮ್ಮ ಮಾಂಯ್ ಹೇಳುತ್ತಾರೆ. ಮಾಂಯ್ ಎಂದರೆ ನನ್ನ ಅತ್ತೆ. ಹೊಲಿಗೆಯನ್ನು ಅಂಚಿನಿಂದ ಹಿಡಿದು, ಸುತ್ತು ಸುತ್ತಾಗಿ ಒಳಕ್ಕೆ ಬರಬೇಕು. ಹಾಗಾಗಿ ಮೊದಲ ದಿನ ಕೌದಿ ನಿಮ್ಮ ಎದುರಿಗಿರುತ್ತದೆ. ಕೊನೆಯ ದಿನ ನೀವೇ ಕೌದಿಯ ನಟ್ಟನಡುವೆ ಕಾಲು ಮಡಚಿ ಕುಳಿತಿರುತ್ತೀರಿ. ಆ ನಡುವಿನ ಒಂದು ಗೇಣು ಜಾಗವನ್ನು ಮುಗಿಸುವಾಗ ನನಗೆ ಬರುವ ಗತ್ತು ಸಿಂಹಾಸನದ ಮೇಲೆ ಕುಳಿತವರಿಗೂ ಬಂದಿರಲಾರದು.

ನನಗೆ ಈ ವಿದ್ಯೆ ಕಲಿಸಿದವರು ಮಾಂಯ್. ಕಣ್ಣು ಮಂಜಾದ ಮೇಲೆ ಅವರು ಸೂಜಿಯನ್ನು ಬಿಟ್ಟರು, ತಪ್ಪು ಹುಡುಕುವುದನ್ನು ಬಿಡಲಿಲ್ಲ. ನಾನು ಹೊಲಿದ ಪ್ರತಿಯೊಂದು ಕೌದಿಯೂ ಮನೆಯಿಂದ ಹೊರಬೀಳುವ ಮೊದಲು ಅವರ ಬೆರಳಿನ ಕೆಳಗೆ ಹಾಯಬೇಕು. ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಮೆಲ್ಲನೆ ಎಳೆಯುತ್ತಾರೆ. ನಾನು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಕೊನೆಗೆ, ‘ಪರ್ವಾಗಿಲ್ಲ. ಮಾರ್ಲಿಕ್ಕೆ ಸಾಕು’ ಎನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಈ ಮಾತು ಒಂದಕ್ಷರ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕುದ್ರೋಳಿಯ ತನಕ ನನ್ನ ಕೌದಿ ಹೊದೆಯುವವರಿದ್ದಾರೆ. ನನ್ನದೇ ಮನೆಯಲ್ಲಿರುವ ನನ್ನದೇ ಅತ್ತೆ ಮಾತ್ರ ತಮ್ಮ ಕೈಯಿಂದ ಎಂದೋ ಹೊಲಿದುಕೊಂಡ ಹಳೆಯದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅದರೊಳಗೆ ತೀರಿಹೋದ ಮಾವನ ಮುಂಡುಗಳಿದ್ದವು. ಆ ಕಾರಣ ನನಗೆ ಅರ್ಥವಾಗುತ್ತಿತ್ತು. ಆದರೂ ಕೈಕೆಲಸ ಗೊತ್ತಿರುವ ಹೆಂಗಸಿಗೆ ಇದು ಎಷ್ಟು ಚುಚ್ಚುತ್ತದೆ ಎಂದು ಕೈಕೆಲಸ ಗೊತ್ತಿರುವವರಿಗಷ್ಟೇ ತಿಳಿದೀತು.

ಆ ವರ್ಷ ಡಿಸೆಂಬರ್ ಮೊದಲ ವಾರ ಆ ಹಳೆಯ ಕೌದಿ ನನ್ನ ಕೈಯಲ್ಲೇ ಪ್ರಾಣ ಬಿಟ್ಟಿತು. ಹಬ್ಬಕ್ಕೆ ಮೊದಲು ಒಗೆಯೋಣ ಎಂದು ನೀರಿಗೆ ಹಾಕಿ ಎತ್ತಿದೆ. ಅರ್ಧ ಮೇಲೆ ಬಂತು, ಅರ್ಧ ಬಾಲ್ದಿಯಲ್ಲೇ ಉಳಿಯಿತು. ಮಾಂಯ್ ಬಂದು ಮುಟ್ಟಿ ನೋಡಿದರು. ಬೈದಿದ್ದರೆ ನಾನು ಎರಡು ಮಾತು ತಿರುಗಿ ಹೇಳಿ ಹಗುರವಾಗುತ್ತಿದ್ದೆ. ಅವರು ಬೈಯಲಿಲ್ಲ.

‘ನನಗೆ ಹೊದಿಕೆ ಬೇಡ ಬಾಯೆ. ಇನ್ನು ಎಷ್ಟು ದಿನ ಉಂಟು ನನಗೆ?’ ಎಂದರು.

‘ಕಪಾಟಿನಲ್ಲಿ ನಮ್ಮದೇ ಹಳೆ ಸೀರೆಗಳ ಹೊಸ ಕೌದಿ ಉಂಟು ಮಾಂಯ್, ತೆಗೆದು ಕೊಡ್ತೇನೆ.’

‘ಅದು ಮಾರ್ಲಿಕ್ಕೆ ಸಾಕಾದದ್ದಲ್ವಾ? ಮಾರು.’

ಅಂದಿನಿಂದ ಸ್ನಾನದ ಟವೆಲು ಹೊದ್ದು ಮಲಗತೊಡಗಿದರು. ಬೆಳಗಿನ ಜಾವ ಕೆಮ್ಮು ಶುರು. ಅದರಲ್ಲಿ ಸ್ವಲ್ಪ ನನಗೆ ಕೇಳಿಸಲಿಕ್ಕೆಂದೇ ಕೆಮ್ಮಿದ್ದಿರಬಹುದು. ಇಪ್ಪತ್ತು ವರ್ಷ ಜೊತೆಗಿದ್ದವಳಿಗೆ ಕೆಮ್ಮಿನ ಭಾಷೆ ಗೊತ್ತಾಗುತ್ತದೆ. ಆದರೆ ಎಲ್ಲವೂ ನಾಟಕವಲ್ಲ. ತಮಾಷೆ ಬಿಡಿ, ನನಗೆ ಹೆದರಿಕೆಯಾಯಿತು. ಎಪ್ಪತ್ತು ದಾಟಿದ ಎದೆ. ಹಟಕ್ಕೆ ಬಿದ್ದು ಏನಾದರೂ ಆದರೆ, ಸೊಸೆ ಊರಿಗೆಲ್ಲ ಹೊದಿಸಿ ಅತ್ತೆಯನ್ನು ಚಳಿಯಲ್ಲಿ ಮಲಗಿಸಿದಳು ಎಂದು ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಜನ ಹೇಳುವುದಿಲ್ಲವೇ? ಅದಕ್ಕಿಂತ ಹೆಚ್ಚಾಗಿ, ನನಗೆ ಅವರು ಬೇಕು. ಈ ಮಾತನ್ನು ಅವರ ಎದುರು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ನಾನು ಉಪಾಯದವಳು. ಮಾಂಯ್‌ಗೆಂದು ಹೊಲಿದರೆ ಬೇಡ ಎನ್ನುತ್ತಾರೆ. ಬೇರೆಯವರಿಗೆಂದು ಹೇಳಿ ಹೊಲಿದು, ಮುಗಿದ ಮೇಲೆ ಹೊದಿಸಿಬಿಟ್ಟರೆ? ಮೂರು ವರ್ಷದ ಹಿಂದೆ ಬಂದರಿನಲ್ಲಿ ಗೋದಾಮು ಇರುವ ಸಾಹುಕಾರರ ಮನೆಗೆ ಒಂದು ಕೌದಿ ಹೊಲಿದು ಕೊಟ್ಟಿದ್ದೆ, ಆಮೇಲೆ ಆ ಕಡೆ ಹೋದದ್ದಿಲ್ಲ. ಆ ಮನೆಯಲ್ಲಿ ಮಾಂಯ್‌ಯ ಓರಗೆಯ ಒಬ್ಬ ಅಜ್ಜಿ ಇದ್ದರು. ‘ಮಾಂಯ್, ಸಾಹುಕಾರರ ಅಜ್ಜಿಗೆ ಒಂದು ಕೌದಿ ಬೇಕಂತೆ’ ಎಂದು ನಾನು ಬಿಟ್ಟೆ. ಮಾಂಯ್ ಜಪಸರದ ಮಣಿ ಹಿಡಿದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, ‘ಹೌದಾ? ಹೊಲಿ ಹೊಲಿ’ ಎಂದರು. ಗುಟ್ಟು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಹಳೆಯ ಕೌದಿಯ ಅವಶೇಷಗಳಿಂದ ಮಾವನ ಮುಂಡಿನ ಗಟ್ಟಿ ತುಂಡುಗಳನ್ನು ಬಿಡಿಸಿ, ಒಣಗಿಸಿ, ಯಾರಿಗೂ ಕಾಣದಂತೆ ಒಳಪದರಕ್ಕೆ ಇಟ್ಟೆ. ಮೇಲಕ್ಕೆ ಮಾಂಯ್‌ಯದೇ ಎರಡು ಬಿಳಿ ಸೀರೆ. ಕಣ್ಣು ಮಂಜಲ್ಲವೇ, ಎಲ್ಲಿ ಗೊತ್ತಾಗುತ್ತದೆ ಎಂಬ ಧೈರ್ಯ.

ಆದರೆ ಬೇರೆಯವರ ಕೌದಿ ಎಂದ ಕೂಡಲೇ ಮಾಂಯ್‌ಗೆ ಎಲ್ಲಿಲ್ಲದ ಉತ್ಸಾಹ ಬಂತು. ಬೆಳಿಗ್ಗೆ ಗೆಣಸು ತಿನ್ನುತ್ತ ನನ್ನ ಪಕ್ಕದಲ್ಲೇ ಬಂದು ಕೂರತೊಡಗಿದರು. ನಾನಿನ್ನೂ ಪದರ ಹಾಸುತ್ತಿದ್ದೆ, ಹೊಲಿಗೆ ಹಿಡಿದಿರಲಿಲ್ಲ.

‘ಎಷ್ಟು ಪದರ ಹಾಕಿದ್ದೀ?’

‘ನಾಲ್ಕು ಮಾಂಯ್.’

‘ನಾಲ್ಕು ಎಂತಕ್ಕೆ ಸಾಕಾಗ್ತದೆ? ಮುದುಕಿಯರಿಗೆ ಚಳಿ ಹೆಚ್ಚು. ಇನ್ನೊಂದು ಹಾಕು.’

ಹಾಕಿದೆ. ಮರುದಿನ, ‘ಪಾಪ, ಅವಳಿಗೆ ಕಾಲು ಸೆಳೆತ ಉಂಟು. ಕಾಲಿನ ಹತ್ತಿರ ಉದ್ದ ಮಾಡು’ ಎಂದರು. ಮಾಡಿದೆ. ಮೂರನೆಯ ದಿನ ಆರನೆಯ ಪದರ ಬಂತು. ಅದರ ಮರುದಿನ, ‘ಅಂಚು ಒರಟಾಗಿದ್ರೆ ಗಲ್ಲಕ್ಕೆ ತಾಗ್ತದೆ. ಆ ನೀಲಿ ಸೀರೆಯ ಅಂಚು ಕೊಡು, ಮೆತ್ತಗೆ ಉಂಟು’ ಎಂದು ತಮ್ಮ ಪೆಟ್ಟಿಗೆಯಿಂದ ತಾವೇ ತೆಗೆದುಕೊಟ್ಟರು. ಬೇರೆ ಮನೆಯ ಅಜ್ಜಿಯ ಮೇಲೆ ಇವರಿಗೆ ಎಷ್ಟೊಂದು ಪ್ರೀತಿ ಎಂದು ನನಗೆ ಹೊಟ್ಟೆಕಿಚ್ಚೂ ಆಯಿತು, ನನ್ನ ಉಪಾಯದ ಬಗ್ಗೆ ಹೆಮ್ಮೆಯೂ ಆಯಿತು. ಸಂಜೆ ಗಂಡನಿಗೆ ಹೇಳಿ ನಕ್ಕೆ. ಅವರು ಮಫ್ಲರ್ ಸರಿಸಿ ಕೇಳಿಸಿಕೊಂಡ ಮೊದಲ ಸುದ್ದಿ ಅದು.

ಹಬ್ಬಕ್ಕೆ ಮೂರು ದಿನ ಇರುವಾಗ ಕೌದಿಯ ನಡು ಮಾತ್ರ ಉಳಿದಿತ್ತು. ಅಂದು ನೆರೆಮನೆಯ ಕಲ್ಯಾಣಿ ಅಕ್ಕನ ಜೊತೆ ಕುದ್ರೋಳಿಗೆ, ಅವರ ನೆಂಟರ ಮನೆಯ ಸೀಮಂತಕ್ಕೆ ಹೋಗಲಿಕ್ಕಿತ್ತು. ಹೊಸ ಬಿಳಿ ವಾಯಿಲ್ ಸೀರೆ ಉಟ್ಟು, ಹೂ ಮುಡಿದು ತಯಾರಾದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತು ನಿಮಿಷದ ಕೆಲಸ, ಮುಗಿಸಿಯೇ ಬಿಡೋಣ ಎಂದು ಕೌದಿಯ ನಡುವೆ ಕುಳಿತೆ. ಕಾರ್ಖಾನೆಗೆ ರಜೆಯಾದ್ದರಿಂದ ಗಂಡ ಎದುರಿಗೇ ಕುರ್ಚಿಯಲ್ಲಿದ್ದರು. ‘ಹೊಸ ಸೀರೆಯಲ್ಲಿ ಎಂತ ಹೊಲಿಗೆ ಮಾರಾಯ್ತಿ?’ ಎಂದರು. ‘ನಾನು ಕಣ್ಣು ಮುಚ್ಚಿಯೂ ಹೊಲಿಯಬಲ್ಲೆ’ ಎಂದು ಹೇಳಿ, ಅವರ ಮುಖ ನೋಡುತ್ತಲೇ ಸರಸರ ಹೊಲಿದು, ಗಂಟು ಹಾಕಿ, ಹಲ್ಲಿನಿಂದ ನೂಲು ಕಡಿದೆ. ಅಷ್ಟರಲ್ಲಿ ಬೇಲಿಯಾಚೆಯಿಂದ ಕಲ್ಯಾಣಿ ಅಕ್ಕ, ‘ಹಿಲ್ಡಾ ಬಾಯಿ, ಹೊರಟ್ರಾ? ಹೊತ್ತಾಯ್ತು ಮಾರಾಯ್ರೆ!’ ಎಂದು ಕೂಗಿದರು.

‘ಬಂದೆ!’ ಎಂದು ಎದ್ದೆ. ನನ್ನ ಜೊತೆ ಕೌದಿಯೂ ಎದ್ದಿತು.

ಒಂದು ಹೆಜ್ಜೆ ಇಟ್ಟೆ. ಆರು ಪದರವೂ ಹಿಂದಿನಿಂದ ಬಂದವು. ಮೊಣಕಾಲಿನ ಹತ್ತಿರ ನನ್ನ ಸೀರೆಯ ನೆರಿಗೆಯನ್ನು ಒಂದು ಗೇಣು ಉದ್ದಕ್ಕೆ, ಎರಡು ಸಾಲಿನಲ್ಲಿ, ಅಂದವಾಗಿ ಕೌದಿಗೆ ಹೊಲಿದಿದ್ದೆ. ಬಿಳಿಯ ಮೇಲೆ ಬಿಳಿ, ಬಿಳಿ ನೂಲು. ಗಂಡ ಕುರ್ಚಿಯಿಂದ ಜಾರಿ ಬೀಳುವಷ್ಟು ನಕ್ಕರು. ನಗುವಿನ ನಡುವೆ ಆ ಪುಣ್ಯಾತ್ಮ, ‘ಅಮ್ಮಾ, ಬೇಗ ಬಾ, ನಿನ್ನ ಕೌದಿ ನಡೀತಾ ಉಂಟು!’ ಎಂದು ಕೂಗಿಬಿಟ್ಟರು. ಗುಟ್ಟು ಹೋಯಿತು, ಮಾನ ಹೋಯಿತು. ಕಲ್ಯಾಣಿ ಅಕ್ಕ ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟುಕೊಂಡರು.

ಮಾಂಯ್ ಒಳಗಿನಿಂದ ಬಂದರು. ನಗಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕುಳಿತು, ಸೂಜಿಯ ತುದಿಯಿಂದ ಹೊಲಿಗೆ ಎಬ್ಬಿಸಲು ನೋಡಿದರು. ಒಂದು ಎಳೆಯೂ ಏಳಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರು. ಹೆಬ್ಬೆರಳು ಒತ್ತಿ ಸಾಲನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಎಳೆದರು. ‘ದೇವಾ ಸಾಯ್ಬಾ, ಇದನ್ನು ಬಿಚ್ಚುವುದು ಯಾರಿಂದ ಆಗ್ತದೆ!’ ಎಂದರು ಮೆಲ್ಲಗೆ. ಆಮೇಲೆ ಕತ್ತರಿ ಕೇಳಿದರು.

‘ಅಮ್ಮಾ, ಕೌದಿಯ ಮೇಲಿನ ಪದರ ಸ್ವಲ್ಪ ಕತ್ತರಿಸಿದ್ರೆ ಆಯ್ತಲ್ಲ’ ಎಂದರು ಗಂಡ.

‘ಕೌದಿಗೆ ಕತ್ತರಿ ಹಾಕುವುದಾ? ಸೀರೆ ಕತ್ತರಿಸುವುದು.’

‘ಮಾಂಯ್! ಇದು ಹೊಸ ಸೀರೆ, ಇವತ್ತೇ ಉಟ್ಟದ್ದು!’ ನಾನು ಅಳುವುದೊಂದು ಬಾಕಿ.

‘ಸೀರೆ ಅಂಗಡಿಯಲ್ಲಿ ಸಿಗ್ತದೆ. ಇದು ಎಲ್ಲಿ ಸಿಗ್ತದೆ?’ ಎಂದು ಮಾಂಯ್ ಕಚಕಚ ಕತ್ತರಿ ಆಡಿಸಿಯೇಬಿಟ್ಟರು.

ಇಪ್ಪತ್ತು ವರ್ಷ ಕಾದ ಮಾತು ಬಂದಾಗ ನಾನು ಮೊಣಕಾಲಿನ ಹತ್ತಿರ ತೂತು ಬಿದ್ದ ಸೀರೆಯಲ್ಲಿ, ಕೆದರಿದ ಹೂ ಮುಡಿದು, ನೆರೆಯವರ ಎದುರು ಸ್ಟೂಲಿನ ಮೇಲೆ ಕುಳಿತಿದ್ದೆ. ಆದರೂ ಹೇಳುತ್ತೇನೆ, ಅಂಥ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಬೇರೆ ಸೀರೆ ಉಟ್ಟು ಕುದ್ರೋಳಿಗೆ ಹೋದೆ. ಸೀಮಂತದ ಊಟದಲ್ಲಿ ಏನೇನಿತ್ತು ಎಂದು ಈಗ ನೆನಪಿಲ್ಲ. ದಾರಿಯುದ್ದಕ್ಕೂ, ಸುಳ್ಳು ಹೇಳಿ ಹೊಲಿದದ್ದಕ್ಕೆ ಮಾಂಯ್ ಹತ್ತಿರ ಹೇಗೆ ಕ್ಷಮೆ ಕೇಳುವುದು ಎಂದಷ್ಟೇ ಯೋಚಿಸುತ್ತಿದ್ದೆ.

ಮೂರು ಗಂಟೆಗೆ ಮನೆಗೆ ಬಂದರೆ ಹೊರಗೆ ಸುಡುವ ಬಿಸಿಲು. ಮಾಂಯ್ ತಮ್ಮ ಮಂಚದ ಮೇಲೆ ಗಲ್ಲದ ತನಕ ಕೌದಿ ಎಳೆದುಕೊಂಡು ಮಲಗಿದ್ದರು. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ನಾನು ಕಾಲ ಬುಡದಲ್ಲಿ ಕುಳಿತೆ.

‘ಮಾಂಯ್, ಸಾಹುಕಾರರ ಅಜ್ಜಿಗೆ ಅಂತ ನಾನು ಹೇಳಿದ್ದು ಸುಳ್ಳು.’

‘ಗೊತ್ತುಂಟು. ಅವಳು ತೀರಿಕೊಂಡು ಎರಡು ವರ್ಷ ಆಯ್ತು. ನಾನೇ ಹೋಗಿ ಮಣ್ಣು ಹಾಕಿ ಬಂದದ್ದು. ನೀನು ಆಗ ತಾಯಿಮನೆಯಲ್ಲಿದ್ದಿ.’

ನಾನು ಬೆರಳು ಮಡಚಿ ಎಣಿಸತೊಡಗಿದೆ. ‘ಹಾಗಾದ್ರೆ ಆ ಐದನೆಯ ಪದರ, ಆರನೆಯ ಪದರ, ಕಾಲು ಸೆಳೆತ…’

‘ಕಾಲು ಸೆಳೆತ ನನಗೆ. ಮತ್ತೆ ಎಂತ, ಸತ್ತವಳಿಗೆ ಚಳಿ ಉಂಟಾ?’ ಮಾಂಯ್ ಕೌದಿಯ ನಡುವನ್ನು ಕೈಯಿಂದ ಸವರಿದರು. ‘ಇಷ್ಟು ವರ್ಷ ನಾನು ಒಗೆದ ಮುಂಡು. ಕಣ್ಣು ಹೋದ್ರೆ ಕೈಗೆ ಗೊತ್ತಾಗುವುದಿಲ್ವಾ ಬಾಯೆ?’

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಾಂಯ್ ಆ ಕಡೆ ಮುಖ ತಿರುಗಿಸಿ, ‘ಎಂತ ನೋಡ್ತಾ ಕೂತದ್ದು? ಆ ಕಿಟಕಿ ಹಾಕು, ಶೀತ ಗಾಳಿ ಬರ್ತದೆ’ ಎಂದರು. ಬೆವರು ಹಣೆಯಿಂದ ಕಿವಿಗೆ ಇಳಿಯುತ್ತಿತ್ತು. ‘ಕೌದಿ ಸ್ವಲ್ಪ ಸರಿಸಲಾ ಮಾಂಯ್?’ ಎಂದು ಕೇಳಿದೆ. ಎರಡು ಕೈಯಿಂದಲೂ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಉರ್ವದಲ್ಲೇ ಹೆಸರಾದ, ಉಪಾಯಕ್ಕೆ ಸಾಟಿಯಿಲ್ಲದ ನಾನು ಎದ್ದು ಕಿಟಕಿ ಹಾಕಿದೆ, ಅಡುಗೆಮನೆಯಿಂದ ಬೀಸಣಿಗೆ ತಂದೆ, ಆರು ಪದರದ ಕೆಳಗೆ ಮಲಗಿದ್ದ ಅತ್ತೆಗೆ ಸಂಜೆಯ ತನಕ ಗಾಳಿ ಹಾಕುತ್ತ ಕುಳಿತೆ.