ಮೂರನೇ ಪುಟದ ಆದಿಲಕ್ಷ್ಮಿ

ಉದಾಹರಣೆಗೆ ಬೇರೊಂದು ಹೆಸರು ಹೊಳೆದಿದ್ದರೆ ಕೊಂಡಪ್ಪನ ಆ ಶುಕ್ರವಾರ ನೆಟ್ಟಗೆ ಕಳೆಯುತ್ತಿತ್ತು. ಆದರೆ ವಾರದ ಆರು ದಿನವೂ ಒಂದೇ ಹೆಸರನ್ನು ನೆನೆಯುವವನಿಗೆ ಎರಡನೆಯ ಹೆಸರು ಎಲ್ಲಿಂದ ಹೊಳೆಯಬೇಕು?

ಹೊಸೂರಿನ ಆ ಕಾರ್ಖಾನೆಗೆ ಹೊಸ ಪ್ರೋಗ್ರಾಂ ಬಂದಿತ್ತು. ಕಾರ್ಮಿಕರು ತಮ್ಮ ವಿಳಾಸ, ಹೆಂಡತಿ, ಮಕ್ಕಳ ವಿವರಗಳನ್ನು ತಾವೇ ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳಬೇಕು. ಹದಿನೈದು ವರ್ಷ ಬೆವರು ಸುರಿಸಿದವನ ಮುಖ ನೋಡದ ಕಂಪನಿ, ಇನ್ನು ಸ್ಕ್ರೀನಿನಲ್ಲಿ ಕಂಡವನನ್ನಷ್ಟೇ ಮನುಷ್ಯನೆಂದು ಒಪ್ಪುವುದಾಗಿ ನೋಟಿಸು ಹಚ್ಚಿತ್ತು. ಮತ್ತಿಗಿರಿ ಕ್ವಾರ್ಟರ್ಸಿನಲ್ಲಿ ಒಂದೇ ಒಂದು ಮನೆ ಖಾಲಿ. ಹೆಂಡತಿಯ ಹೆಸರನ್ನು ಮೊದಲು ತುಂಬಿದವನಿಗೆ ಅದು. ಸಂಜೆ ಐದಕ್ಕೆ ಪಟ್ಟಿ.

ಕೊಂಡಪ್ಪ ಆಫೀಸಿನ ಗುಮಾಸ್ತ. ಮದುವೆಯಾಗಿ ಮೂರು ವರ್ಷ. ಇವನು ಐದು ಜನ ಗಂಡಸರ ಜೊತೆ ಒಂದು ಕೋಣೆಯಲ್ಲಿ, ಆದಿಲಕ್ಷ್ಮಿ ಬೇರಿಕೆಯ ತವರಿನಲ್ಲಿ. ಭಾನುವಾರ ಅತ್ತೆಮನೆಯ ಜಗಲಿಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಗಂಡಹೆಂಡತಿ ಬಸ್ಸಿಗೆ ಕಾದ ಅಪರಿಚಿತರ ಹಾಗೆ ಕೂರುತ್ತಿದ್ದರು. ಹೋದ ವಾರ ಆ ಖಾಲಿ ಮನೆಯ ಅಡುಗೆಕೋಣೆ ಕಿಟಕಿಯನ್ನು ಹೊರಗಿನಿಂದಲೇ ಅಳೆದು, "ಎರಡೂವರೆ ಗೇಣು" ಎಂದು ಅವಳಿಗೆ ಹೇಳಿ ಬಂದಿದ್ದ. ಅವಳು ಅಂದೇ ಪರದೆಗೆ ಬಟ್ಟೆ ಕತ್ತರಿಸಿದ್ದಳು.

ಕನ್ನಡದವರಿಗಾಗಿ ಪ್ರೋಗ್ರಾಮಿನ ಕೈಪಿಡಿ ಬರೆಯುವ ಕೆಲಸ ಕೊಂಡಪ್ಪನ ಪಾಲಿಗೆ ಬಂತು.

"ಓದೋನು ತಲೆ ಕೆರ್ಕೋಬಾರ್ದು ಕಣಯ್ಯಾ," ಎಂದರು ಆಫೀಸರ್ ಸುಬ್ಬರಾಮ. "ಪುಟಕ್ಕೊಂದು ಸ್ಕ್ರೀನಿನ ಚಿತ್ರ. 'ಚಿತ್ರದಲ್ಲಿರುವಂತೆ ತುಂಬಿರಿ' ಅಂತ ಕೆಳಗೆ ಬರಿ. ನಿನ್ನದೇ ಖಾತೆ ತೆಗೆದು ಮಾಡು."

ಮೂರನೇ ಪುಟ: ಹೆಂಡತಿಯನ್ನು ಸೇರಿಸುವುದು. ಕೊಂಡಪ್ಪ ತಾಳಿ ಕಟ್ಟುವಾಗಿನಷ್ಟೇ ಜತನದಿಂದ 'ಆದಿಲಕ್ಷ್ಮಿ, ಬೇರಿಕೆ' ಎಂದು ಒತ್ತಿ, ಚಿತ್ರ ತೆಗೆದ. ಗಂಟೆ ಹತ್ತು. ಇಡೀ ಕಾರ್ಖಾನೆಯಲ್ಲಿ ಮೊದಲ ಹೆಸರು! ಮನೆ ಸಿಕ್ಕಿತೆಂದೇ ಲೆಕ್ಕ.

ಅಷ್ಟರಲ್ಲಿ ಟೈಪಿಸ್ಟ್ ರುಕ್ಮಿಣಮ್ಮ ಬೆನ್ನ ಹಿಂದೆ ಬಂದು ನಿಂತಳು.

"ಸೇರ್ಸೋದು ಬರ್ದೆ. ತೆಗ್ಯೋದು ಎಲ್ಲೈತ್ಲಾ?"

"ಅದ್ಯಾರಿಗ್ ಬೇಕಕ್ಕಾ?"

"ನಂಗ್ ಬೇಕು ಕಣ್ಲಾ! ಗಂಡ ಬಿಟ್ಟೋಗಿ ಹತ್ತೊಂಬತ್ತು ವರ್ಸ ಆಯ್ತು. ದುಡ್ಯೋಳು ನಾನು, ನನ್ ಕಾಗ್ದದಾಗೆಲ್ಲಾ ಕುಂತಿರೋನು ಅವ್ನು. ಇವತ್ತು ಎಬ್ಬಿಸ್ತೀನಿ. ಚಿತ್ರ ಹಾಕು."

ಕೊಂಡಪ್ಪ ತನ್ನ ಖಾತೆಗೇ ಮರಳಿದ. ಒಂದು ನಿಮಿಷದ ಮಾತು, ತೆಗೆದು ಮತ್ತೆ ಸೇರಿಸಿದರಾಯಿತು. ಕಣ್ಣು ಮುಚ್ಚಿ ಒತ್ತಿದ. ಆದಿಲಕ್ಷ್ಮಿ ಅಳಿಸಿಹೋದಳು. ಅದರ ಚಿತ್ರ ತೆಗೆದು, ಅವಳನ್ನು ಮತ್ತೆ ಸೇರಿಸಹೋದರೆ ಸ್ಕ್ರೀನಿನ ಮೇಲೆ ಕೆಂಪಕ್ಷರ: 'ತೆಗೆದ ಹೆಸರನ್ನು ಇಪ್ಪತ್ನಾಲ್ಕು ಗಂಟೆ ಕಳೆಯದೆ ಸೇರಿಸಲಾಗದು.'

ಕೊಂಡಪ್ಪ ಮಳೆಗೆ ನೆನೆದ ಹಪ್ಪಳದಂತೆ ಕುರ್ಚಿಯಲ್ಲಿ ಮೆತ್ತಗಾದ.

"ಓ, ಇದು ಮುಖ್ಯ. ಇದನ್ನೂ ಬರಿ," ಎಂದರು ಸುಬ್ಬರಾಮ. ಹತ್ತನೇ ಪುಟದಲ್ಲಿ ಆ ಸಾಲನ್ನೂ ಅವನೇ ಬರೆದ.

ಮಧ್ಯಾಹ್ನದ ಹೊತ್ತಿಗೆ ಕೈಪಿಡಿ ಜೆರಾಕ್ಸಾಗಿ ಎಲ್ಲರ ಕೈ ಸೇರಿತು. ಊಟ ಬಿಟ್ಟು ಜನ ಸಾಲುಗಟ್ಟಿದರು. ರುಕ್ಮಿಣಮ್ಮ ಗಂಡನನ್ನು ಒಂದೇ ಒತ್ತಿಗೆ ಎಬ್ಬಿಸಿ, ಬೋರ್‌ವೆಲ್‌ನಲ್ಲಿ ನೀರು ಕಂಡವಳಂತೆ ನಕ್ಕಳು. ಕೊಂಡಪ್ಪ ಮೂಲೆಯಲ್ಲಿ ಕೂತು ಎರಡೂವರೆ ಗೇಣನ್ನು ಮೇಜಿನ ಮೇಲೆ ಮತ್ತೆ ಮತ್ತೆ ಅಳೆದ.

ಐದಕ್ಕೆ ಪಟ್ಟಿ ಬಂತು. ಸುಬ್ಬರಾಮ ಓದಿದರು: "ಮನೆ ಪ್ರಮೋದನಿಗೆ. ಹೆಂಡತಿ ಆದಿಲಕ್ಷ್ಮಿ, ಬೇರಿಕೆ."

ಲೇತ್ ಮೆಷಿನಿನ ಪ್ರಮೋದನಿಗೆ ಇನ್ನೂ ಹೆಣ್ಣು ಕೂಡ ನೋಡಿರಲಿಲ್ಲ.

"ಅಣ್ಣಾ, ನಿಮ್ಮಾಣೆ, ಚಿತ್ರದಾಗಿದ್ದಂಗೆ ತುಂಬ್ದೆ," ಎಂದು ಅವನು ಕೈಮುಗಿದ. "ನಂಗ್ ಮನೆ ಬ್ಯಾಡ, ನೀವೇ ತಗಳಿ."

"ಹಾಗೆಲ್ಲ ಕೊಡೋಕಾಗಲ್ಲ. ಬೇಡ ಅಂದ್ರೆ ಎರಡನೇ ಹೆಸರಿಗೆ ಹೋಗುತ್ತೆ," ಎಂದು ಸುಬ್ಬರಾಮ ಬೆರಳು ಕೆಳಗಿಳಿಸಿದರು. "ಹನುಮಯ್ಯ. ಹೆಂಡತಿ ಆದಿಲಕ್ಷ್ಮಿ, ಬೇರಿಕೆ."

"ಏನ್ ಹನುಮಯ್ಯಣ್ಣಾ, ನಿಮ್ ಹೆಂಡ್ತಿ ಹನುಮಕ್ಕ ಏನಾದ್ಲು?" ಎಂದ ಕೊಂಡಪ್ಪ.

"ಬುಕ್ಕಿನಾಗೆ ಹನುಮಕ್ಕ ಇರ್ನಿಲ್ವಲ್ಲಪ್ಪಾ!" ಇಪ್ಪತ್ತು ವರ್ಷ ಸಂಸಾರ ಮಾಡಿದವನ ಮುಖದಲ್ಲಿ ಒಂದಿಷ್ಟೂ ತಪ್ಪಿನ ಕಳೆಯಿರಲಿಲ್ಲ.

ಹೇಳಿದ್ದನ್ನು ಹೇಳಿದಂತೆ ಮಾಡದಿದ್ದರೆ ಸಂಬಳ ಕಡಿಯುವ ಕಾರ್ಖಾನೆ ಅದು. ಕಲಿಸಿದ್ದನ್ನು ಜನ ಚೆನ್ನಾಗಿಯೇ ಕಲಿತಿದ್ದರು. ಪಟ್ಟಿಯಲ್ಲಿದ್ದ ನಲವತ್ತೊಂದು ಗಂಡಸರಿಗೂ ಆದಿಲಕ್ಷ್ಮಿಯೇ ಹೆಂಡತಿ. ಅವಳಿಲ್ಲದವನು ಕೊಂಡಪ್ಪನೊಬ್ಬನೇ.

"ಇದೇನ್ ಸಾರ್, ತಪ್ಪಂತ ಕಾಣ್ತಿಲ್ವಾ?"

"ಕಂಪ್ಯೂಟರ್ ಒಪ್ಪಿದೆ, ಮದ್ರಾಸಿನ ಹೆಡ್ಡಾಫೀಸಿಗೆ ಫ್ಯಾಕ್ಸ್ ಹೋಗಿದೆ. ಇನ್ನೊಂದು ಮನೆ ಖಾಲಿಯಾದಾಗ ನೋಡೋಣ," ಎಂದು ಸುಬ್ಬರಾಮ ಕೊಡೆ ಎತ್ತಿಕೊಂಡರು. "ಕೈಪಿಡಿ ಮಾತ್ರ ಚಿನ್ನ ಕಣಯ್ಯಾ. ಒಬ್ಬನೂ ಒಂದಕ್ಷರ ತಪ್ಪು ಮಾಡಿಲ್ಲ."

ಗೇಟಿನ ಮುಂದಿನ ಒಂದು ರೂಪಾಯಿ ಫೋನಿನಿಂದ ಕೊಂಡಪ್ಪ ಬೇರಿಕೆಯ ಅಂಗಡಿಗೆ ಫೋನು ಹಚ್ಚಿದ. ಅವಳು ಅಲ್ಲೇ ಕಾದು ನಿಂತಿದ್ದಳು.

"ಪರದೆ ಹೊಲ್ದು ಮುಗಿಸಿವ್ನಿ. ಮನೆ ಆಯ್ತಾ?"

"ಆಯ್ತು."

"ನಮ್ಗೇನಾ?"

"ನಿಂಗಾಗೈತೆ ಕಣೇ ಲಕ್ಷ್ಮೀ. ನಂಗಾಗಿಲ್ಲ."

"ಅಂಗಂದ್ರೆ? ಯಾರ್ ಜೊತ್ಗೆ?"

ಫೋನು ಕುಯ್ ಎಂದು ಇನ್ನೊಂದು ರೂಪಾಯಿ ಕೇಳಿತು. ಕೊಂಡಪ್ಪ ಜೇಬೆಲ್ಲ ತಡಕಿದ. ಕೈಪಿಡಿಯೊಂದು ಸಿಕ್ಕಿತು, ನಾಣ್ಯ ಸಿಗಲಿಲ್ಲ.